ನಾಲ್ಕು ಸಲ, ಹತ್ತು ಗಜ

ರಾಯಚೂರಿನ ಹಣ್ಣಿನ ಮಂಡಿಯಲ್ಲಿ ಸೋಮವಾರ ನಸುಕಿನ ಮೂರು.
ಮಾನ್ವಿ ಕಡೆಯ ಕಲ್ಲಂಗಡಿ ಲಾರಿ ಇನ್ನೂ ಬಂದಿಲ್ಲ.
ತೂಕದ ಕಲ್ಲಿಗೆ ಒರಗಿಸಿಟ್ಟ ಮೊಬೈಲಿನಲ್ಲಿ
ಅಮೆರಿಕದ ಹಿಮ ಬೀಳುತ್ತಿದೆ.
ತಲೆಗೆ ಡಬರಿ ಕವುಚಿಕೊಂಡ ದಾಂಡಿಗರು
ಉಗಿ ಬಿಡುತ್ತ, ನೆಲಕ್ಕೆ ಮುಷ್ಟಿ ಊರಿ ಬಗ್ಗಿದ್ದಾರೆ,
ಮೂಗುದಾರ ಜಗ್ಗಿ ಹಿಡಿದ ಹೋರಿಗಳ ಹಾಗೆ.

ಯಾರು ಹಚ್ಚಿದರೋ ಈ ಆಟದ ಹುಚ್ಚು, ನೆನಪಿಲ್ಲ.
ಮೊದಲ ವರ್ಷ ಬೈದೆವು:
ಇದೇನು ಚೆಂಡೋ, ಸುಲಿದ ತೆಂಗಿನಕಾಯೋ,
ಫುಟ್‌ಬಾಲ್ ಅಂತಾರ, ಕಾಲೇ ಹಚ್ಚಂಗಿಲ್ಲ.
ಎರಡನೆಯ ವರ್ಷಕ್ಕೆ ಲೆಕ್ಕ ತಿಳಿಯಿತು:
ನಾಲ್ಕು ಸಲ, ಹತ್ತು ಗಜ.
ಗಜ ನಮಗೂ ಗೊತ್ತು.
ತೀನ್‌ಕಂದೀಲಿನ ಬಟ್ಟೆ ಅಂಗಡಿಯಲ್ಲಿ
ಹೆಬ್ಬೆರಳ ಅಡಿ ಕಳೆದುಹೋಗುವುದು ಅದೇ.

ತಾಯಪ್ಪ ಓಟದ ಕಡೆಯವನು.
ಇಪ್ಪತ್ತೆರಡು ವರ್ಷ ಬುಟ್ಟಿ ಹೊತ್ತ ಹೆಗಲು,
ಎಡಕ್ಕೊಂದು ಗಂಟು, ಎಳೆ ಬದನೆಕಾಯಿಯಷ್ಟು.
"ಚೆಂಡು ಎದಿಗೆ ಅವುಚು, ತಲಿ ತಗ್ಗಿಸು, ನುಗ್ಗು.
ಮೂರು ಗಜ ಬಂತಾ, ಬರಲಿ.
ಮತ್ತ ಮೂರು. ಬಿದ್ದರೂ ಮುಂದಕ್ಕ ಬೀಳು.
ಹೊತ್ತ ಮಾಲು ಒಡಿಯಂಗಿಲ್ಲ."

ರಮಜಾನಿ ಎಸೆತದ ಕಡೆಯವನು.
ಲಾರಿಯ ಮೇಲಿಂದ ಅವನು ಬಿಟ್ಟ ಹಣ್ಣು
ಕೈಯಿಂದ ಕೈಗೆ ಮೂರೇ ನೆಗೆತಕ್ಕೆ ರಾಶಿ ಸೇರುತ್ತದೆ.
"ಮೂರು ಗಜ ತಗೊಂಡು ನೆಕ್ಕತಿಯೇನು?
ಅಷ್ಟರಾಗ ಸೂರ್ಯ ನೆತ್ತಿಮ್ಯಾಲೆ.
ಒಮ್ಮೆ ಬಿಡು, ನಲವತ್ತು ಗಜ, ಗಾಳ್ಯಾಗ!"
ಒಡೆದ ಹಣ್ಣಿನ ದುಡ್ಡು ಯಾರ ಕೂಲಿಯಲ್ಲಿ ಮುರಿಯುತ್ತಾರೆ
ಅದನ್ನು ಅವನು ಹೇಳುವುದಿಲ್ಲ.

ನಾನು ಮುಕದ್ದಮ.
ಇಬ್ಬರನ್ನೂ ಒಂದೇ ಲಾರಿಗೆ ಹಚ್ಚಬೇಕಾದವನು.

ಮೂರನೆಯವನೂ ಒಬ್ಬನಿದ್ದಾನೆ: ಮಂಡಿಯ ಗೂಳಿ.
ಯಾವ ದೇವರಿಗೆ ಬಿಟ್ಟದ್ದೋ, ಹೊಡೆಯುವಂತಿಲ್ಲ.
ಒಂದು ವಾರ ಬರೀ ಬುಟ್ಟಿ ಹೊರಿಸಿದೆ:
ಬಾಗಿಲಿಗೇ ಬಂದು ಅಡ್ಡ ನಿಂತಿತು,
ಹೊತ್ತವನ ಬುಟ್ಟಿಗೇ ಬಾಯಿ.
ಮರುವಾರ ಬರೀ ಎಸೆಸಿದೆ:
ಹಿಂದೆ ಸರಿದು, ರಾಶಿಯ ಪಕ್ಕದಲ್ಲಿ
ಬೀಳುವ ಹಣ್ಣಿಗೆ ಕಾಯುತ್ತ ಮಲಗಿತು, ಮೆಲುಕು ಹಾಕುತ್ತ.
ನಮಗಿಂತ ಮೊದಲು ಆಟ ತಿಳಿದದ್ದು ಅದಕ್ಕೇ.

ಪರದೆಯಲ್ಲಿ ಈಗ ಎಸೆಯುವ ಹುಡುಗ
ಓಡುವವನ ಹೊಟ್ಟೆಗೆ ಚೆಂಡು ಇಟ್ಟ.
ಇಟ್ಟನೇ? ಇಟ್ಟ ಹಾಗೆ ಮಾಡಿದ.
ಎದುರಿನ ಪಡೆಯೆಲ್ಲ ಬರಿಗೈಯವನ ಮೇಲೆ ಬಿತ್ತು.
ಚೆಂಡು ಅಷ್ಟರಲ್ಲಿ ಅವರ ನೆತ್ತಿ ದಾಟಿ
ಹಿಮ ಸೀಳಿ, ಬುಗುರಿಯಾಗಿ,
ಒಂಟಿ ನಿಂತವನ ಎದೆಗೆ.
ರಮಜಾನಿ ಎದ್ದು ಕುಣಿದ.
ತಾಯಪ್ಪ ಬೀಡಿ ಹಚ್ಚಿದ:
"ಆಗಿಂದ ಅಂವ ಮಣ್ಣು ತಿಂದಿದ್ದಕ್ಕ ಇವರು ನಂಬಿದರು.
ಇಲ್ಲಂದರ ಬರಿಗೈ ಯಾರು ಹಿಡೀತಿದ್ದರು?"
ಆ ಓಡಿದವನ ಹೆಸರು ಯಾರೂ ಕೂಗಲಿಲ್ಲ.
ಓಡುವವರ ಮೊಣಕಾಲು ಬೇಗ ಸವೆಯುತ್ತದಂತೆ,
ಎಸೆಯುವವರಿಗೆ ಹಲವು ಪಟ್ಟು ಸಂಬಳವಂತೆ.
ಇಲ್ಲಿ ಇಬ್ಬರಿಗೂ ಒಂದೇ ಹಮಾಲಿ.
ಆ ಮಟ್ಟಿಗೆ ನಮ್ಮ ಮಂಡಿ ವಾಸಿ.

ನಾಲ್ಕೂವರೆಗೆ ಲಾರಿ ಬಂತು.
ಹನ್ನೆರಡು ಬುಟ್ಟಿ ತಾಯಪ್ಪನ ಹೆಗಲೇರಿ ಒಳಗೆ ಹೋದವು.
ಗೂಳಿ ಎದ್ದು ಮೈ ಕೊಡವಿ ಬಾಗಿಲಿಗೆ ಬಂತು.
ಹದಿಮೂರನೆಯದು, ಖಾಲಿ ಬುಟ್ಟಿ ಹೊರಿಸಿದೆ.
ಅವನು ಏನೂ ಕೇಳಲಿಲ್ಲ.
ಎಂದಿನಷ್ಟೇ ನರಳಿ, ಎಂದಿನಷ್ಟೇ ಮೊಣಕಾಲು ಬಗ್ಗಿಸಿ
ನಡೆದ, ಇಲ್ಲದ ನಲವತ್ತು ಕಿಲೋ ಹೊತ್ತು.
ಗೂಳಿ ಕೊಂಬು ತಗ್ಗಿಸಿತು.
"ಬಿಡಲೇ!" ಎಂದೆ.
ಅದರ ಡುಬ್ಬದ ಮೇಲಿಂದ ಒಂದರ ಹಿಂದೊಂದು
ಹಸಿರು ಪಟ್ಟೆಯ ಹಣ್ಣುಗಳು
ಟ್ಯೂಬ್‌ಲೈಟಿನ ಬೆಳಕು ಹಾಯ್ದು ಹೋದವು.

ಹದಿನೇಳು ಹೋದವು.
ಹದಿನೆಂಟನೆಯದು ಈರೇಶನ ಬೆರಳಿಗೆ ತಾಗಿ ಜಾರಿ
ಫಟ್ಟೆಂದಿತು. ಫರಸಿಯೆಲ್ಲ ಕೆಂಪು.
ಗೂಳಿ ಅವಸರವಿಲ್ಲದೆ ಹೊಳ್ಳಿತು.

ತಾಯಪ್ಪ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತ.
"ಖಾಲಿ ಬುಟ್ಟಿ ಭಾಳ ಭಾರಪ" ಎಂದ,
"ಇದಕ್ಕೂ ಹಮಾಲಿ ಬರಕೋ."
ಬರೆದುಕೊಂಡೆ: ಒಂದು ಬುಟ್ಟಿ. ಖಾಲಿ. ಪೂರ್ತಿ ಕೂಲಿ.