ಮೂರೋ ಎಂಟೋ

ಅಂಗೈಯಗಲದ ಪುಸ್ತಕ, ಕಂದು ರಟ್ಟು.
ಬೆವರು ಕುಡಿದು, ಒಣಗಿ, ಮತ್ತೆ ಕುಡಿದು
ಅಂಚು ಹಪ್ಪಳದ ಹಾಗೆ ಸೊಟ್ಟಗಾಗಿದೆ.
ಹೊಲಿಗೆಪೆಟ್ಟಿಗೆಯ ತಳದಲ್ಲಿ, ಗುಂಡಿಗಳ ಕೆಳಗೆ
ಅಜ್ಜಿ ಇಟ್ಟಿದ್ದಳು; ಇಟ್ಟೆನೆಂದು ಹೇಳದೆ ಹೋದಳು.

ಹಿನ್ರಿಷ್ ಬ್ರಾಂಡೋರ್ಸ್ಟ್. ಕಣ್ಣು ಬೂದು.
ಬೂಟಿನ ಅಳತೆ ನಲವತ್ತೊಂದು. ಕಸುಬು ಬೇಕರಿ.
ಕಾಲುಚೀಲ ಎರಡು ಜೊತೆ, ಕಂಬಳಿ ಒಂದು,
ಟೈಫಾಯ್ಡಿಗೆ ಚುಚ್ಚುಮದ್ದು ಮೂರು ಸಲ,
ಬಲದವಡೆಯಲ್ಲಿ ಒಂದು ಹಲ್ಲು ಕಿತ್ತದ್ದು.
ಕೊಟ್ಟದ್ದಕ್ಕೂ ಕಿತ್ತದ್ದಕ್ಕೂ ರುಜುವಿದೆ.

ನಾಲ್ಕನೇ ಪುಟದಲ್ಲಿ ಅವನಿದ್ದ ತುಕಡಿಗಳು, ಒಂದರ ಕೆಳಗೊಂದು.
ಬಿಟ್ಟುಬಂದದ್ದಕ್ಕೆ ಅಡ್ಡಗೀಟು,
ಗೀಟಿನಡಿ ಅಕ್ಷರ ಓದಲು ಬರಬೇಕು, ಅದು ನಿಯಮವಂತೆ.
ಮೊದಲನೆಯದು ಬೇಕರಿ ಕಂಪನಿ. ಅದು ನಮಗೆಲ್ಲ ಬಾಯಿಪಾಠ;
ಪ್ರತಿ ಕ್ರಿಸ್ಮಸ್ಸಿಗೆ ಅಮ್ಮ ಬಡಿಸುತ್ತಿದ್ದಳು:
"ನಮ್ಮಪ್ಪ ಬಂದೂಕು ಹಿಡಿದವನಲ್ಲ, ಹಿಟ್ಟು ನಾದಿದವನು."

ಅದರ ಕೆಳಗೆ, ನಲವತ್ತೆರಡರ ಮಾರ್ಚಿನಲ್ಲಿ,
ಬೇರೆ ಯಾರದೋ ಕೈ, ನೇರಳೆ ಶಾಯಿ:
ಕಾವಲು ಬೆಟಾಲಿಯನ್, ಸಂಖ್ಯೆ ಇಂಥದ್ದು.
ಕೊನೆಯ ಅಂಕಿಯ ಮೇಲೆ ಒಂದು ಹನಿ ಬಿದ್ದಿದೆ.
ಮಳೆಯೋ, ಸಾರೋ. ಅಂಕಿ ಮೂರೋ, ಎಂಟೋ.

ಪಕ್ಕದ ಮನೆಯ ಫ್ರಾವ್ ಟೀಡೆಮನ್, ತೊಂಬತ್ತೊಂದು ವರ್ಷ,
ನನಗೆ ಹಳೆಯ ಲಿಪಿ ಕಲಿಸಿದವರು
(ಆ ಕಾಲದ 'ಇ' ನೋಡಲು ಈಗಿನ 'ಎನ್'),
ಒಂದು ಚಳಿಗಾಲವಿಡೀ ಅಕ್ಕಿ ಆರಿಸಿದಂತೆ ಓದಿಸಿದರು.
ಇಲ್ಲಿಗೆ ಬಂದಾಗ ಭೂತಗನ್ನಡಿ ಕೆಳಗಿಟ್ಟರು.
"ಅಂಕಿಗೆ ಹಳೆಯದು ಹೊಸದು ಇಲ್ಲ ಮಗೂ.
ನನಗೆ ಕಂಡಷ್ಟೇ ನಿನಗೂ ಕಂಡೀತು."

ಫ್ರೈಬುರ್ಗಿಗೆ ಎಂಟು ತಾಸಿನ ರೈಲು.
ಓದುಕೋಣೆಯಲ್ಲಿ ಪೆನ್ನು ಕೂಡದು, ಪೆನ್ಸಿಲ್ ಮಾತ್ರ.
ವಿಲ್ಕೆನಿಂಗ್ ಎಂಬಾತ ಎರಡು ಬೂದು ಡಬ್ಬಿ ತಂದಿಟ್ಟ.
ಹೆಸರುಗಳ ಪಟ್ಟಿ ಕೇಳಿದೆ. ನಲವತ್ತೈದರಲ್ಲಿ ಸುಟ್ಟಿತೆಂದ,
ಬಸ್ಸು ತಪ್ಪಿತು ಎನ್ನುವ ದನಿಯಲ್ಲಿ.

ಮೂರರ ಡಬ್ಬಿಯಲ್ಲಿ ನಾರ್ವೆ:
ಮೀನಿನ ಗೋದಾಮಿಗೆ ಕಾವಲು, ಗಾಳಿ, ಮತ್ತೆ ಗಾಳಿ,
ಇಬ್ಬರಿಗೆ ಕೆಮ್ಮು, ಒಬ್ಬನ ಸೈಕಲ್ ಕಳವು.
ನಗು ಬಂತು. ಅಲ್ಲೇ ಡಬ್ಬಿ ಮುಚ್ಚಿ
ಮನೆಗೆ ಹೋಗಬಹುದಿತ್ತು.

ಎಂಟರಲ್ಲಿ ಪೂರ್ವದ ಒಂದು ಸಣ್ಣ ಊರು, ರೈಲುಹಳಿ, ಒಂದು ಮರಳುಗುಣಿ.
ಜೂನ್ ಹನ್ನೊಂದು: ಮೂರು ಲಾರಿ ಸುಣ್ಣ ಬಂತು.
ರಾತ್ರಿ ತುಕಡಿಗೆ ಹೆಚ್ಚುವರಿ ಬ್ರಾಂದಿ.
ಜೂನ್ ಹನ್ನೆರಡು: ಹವೆ ಚೆನ್ನಾಗಿದೆ.
ಯಾಕೆ ಸುಣ್ಣ, ಬರೆದಿಲ್ಲ. ಬರೆಯಬೇಕಿರಲಿಲ್ಲ.

ಹೊರಗಿನ ಪಡಸಾಲೆಯಲ್ಲಿ ಅಮ್ಮನ ಫೋನು.
"ಮೂರು ತಾನೇ?"
ಇನ್ನೂ ನೋಡುತ್ತಿದ್ದೇನೆ, ಅಂದೆ.
ಅವಳು ಅಡುಗೆಮನೆಯ ಸುದ್ದಿಗೆ ಹೊರಳಿದಳು,
ಪೇಂಟರು ಸೋಮವಾರ ಬರುತ್ತಾನಂತೆ, ಎಣ್ಣೆಬಣ್ಣವೇ ಹೇಳಿದ್ದಾಳಂತೆ.
"ಸುಣ್ಣ ನಮ್ಮ ಮನೆಗೆ ಒಗ್ಗದು ಕಣೇ.
ಅಪ್ಪನಿಗಂತೂ ಆ ವಾಸನೆ ಕಂಡರಾಗದು.
ಒಂದು ಸಲ ಅಂಗಡಿಯ ಗೋಡೆಗೆ ಯಾರೋ ಬಳಿದರೆಂದು
ಅಷ್ಟೂ ಹಿಟ್ಟು ಬೀದಿಗೆ ಚೆಲ್ಲಿದ್ದ,
ಅಜ್ಜಿ ನಕ್ಕು ನಕ್ಕು ಹೇಳುತ್ತಿದ್ದಳು. ಹಲೋ?
ಹೈಕೆ, ಕೇಳಿಸ್ತಿದೆಯಾ?"

ಕೇಳಿಸಿತು.
ವಾಸನೆ ಎಲ್ಲರಿಗೂ ಆಗುವುದಿಲ್ಲ. ಅದು ಸಾಕ್ಷಿಯಲ್ಲ.
ನಾರ್ವೆಯಲ್ಲೂ ಗೋಡೆಗಳಿದ್ದಾವು.

ಒಳಗೆ ಬಂದು ಕೂತೆ. ನಕಲು ಕೇಳುವ ಅರ್ಜಿಯಲ್ಲಿ
ಒಂದು ಚೌಕ ಖಾಲಿಯಿತ್ತು.
ಮೊದಲು ಮೂರು ಬರೆದೆ, ಬಾಯಿ ತೆರೆದ ಮೂರು.
ವಿಲ್ಕೆನಿಂಗ್ ಗಡಿಯಾರ ನೋಡಿದ, ನಾಲ್ಕಕ್ಕೆ ಹತ್ತು ನಿಮಿಷ.
ರಬ್ಬರು ಕೈಗೆ ಸಿಗುವಲ್ಲೇ ಇತ್ತು; ಮುಟ್ಟಲಿಲ್ಲ.
ಮೂರರ ಮೇಲೊಂದು ಗೀಟೆಳೆದು,
ಓದಲು ಬರುವಂತೆಯೇ ಎಳೆದು,
ಪಕ್ಕದಲ್ಲಿ ಎಂಟೆಂದು ಬರೆದೆ.