ಜಲಬಾಧೆ

ವಿಷಯ ಆರು: ಕಡಲಕೊರೆತ.
ಉತ್ತರದ ದಂಡೆ ಈ ವರ್ಷ ಎರಡು ಮೀಟರು ಹೋಯಿತು.
ಡೌಸ್ ದಂಪತಿಯ ಕೋಳಿಗೂಡು ಹೋಯಿತು,
ಕೋಳಿಗಳು ಬದುಕಿವೆ.
ವರದಿಯನ್ನು ಗಮನಿಸಲಾಯಿತು.

ಗಮನಿಸಲಾಯಿತು ಅಂದರೆ ಏನೂ ಮಾಡಲಿಲ್ಲ ಅಂತ.
ಹತ್ತೊಂಬತ್ತು ವರ್ಷದಿಂದ ನಾನು
ಮಾರ್‌ಥೋರ್ಪ್ ಪಟ್ಟಣಸಭೆಯ ಗುಮಾಸ್ತೆ;
ಕರ್ಮಣಿ ಪ್ರಯೋಗ ಕೈಗೆ ಅಂಟಿಬಿಟ್ಟಿದೆ.
ಮನೆಯಲ್ಲೂ ಚಹಾ ಮಾಡಲಾಗುತ್ತದೆ,
ಬೆಕ್ಕನ್ನು ಹೊರಗೆ ಬಿಡಲಾಗುತ್ತದೆ.

ವಿಷಯ ಏಳು: ಕಡಲಬದಿಯ ಶೌಚಾಲಯ.
ಮುಚ್ಚಿದರೆ ವರ್ಷಕ್ಕೆ ಹನ್ನೊಂದು ಸಾವಿರ ಪೌಂಡು ಉಳಿತಾಯ.
ಮುಚ್ಚಬಹುದು ಎಂದು ಹೇಳಲು
ಲೀಡ್ಸಿನಿಂದ ಬಂದ ಸಲಹೆಗಾರನಿಗೆ ಹದಿನಾಲ್ಕು.
ಮೂಗಿಗಿಂತ ಮೂಗುತಿ ಭಾರ
ಎಂದು ಯಾರೂ ಅನ್ನಲಿಲ್ಲ. ಬಿಸ್ಕತ್ತಿನ ತಟ್ಟೆ
ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ
ಅಧ್ಯಕ್ಷ ಟಿಂಡಲ್ ಅವರ ಮುಂದೆ ನಿಂತಿತು.

ನನ್ನ ಲೆಕ್ಕದಲ್ಲಿ ಆರೂ ಏಳೂ ಒಂದೇ ವಿಷಯ.
ಒಂದು ಹೊರಗಿನ ಜಲಬಾಧೆ, ಒಂದು ಒಳಗಿನದು;
ಮುಂದಿನ ತಿಂಗಳ ಸಭೆಯ ತನಕ ತಡೆದುಕೊಳ್ಳುವ ಅಭ್ಯಾಸ
ಎರಡಕ್ಕೂ ಇಲ್ಲ.

ಸಾರ್ವಜನಿಕರಿಗೆ ತಲಾ ಮೂರು ನಿಮಿಷ.
ಎದ್ದವನು ಸಿರಿಲ್ ಮಾಲ್ಟ್‌ಬಿ ಒಬ್ಬನೇ,
ಮೂವತ್ತು ವರ್ಷ ಲೌತ್ ಬಸ್ಸು ಓಡಿಸಿದವನು.
ಟೋಪಿ ತೆಗೆದ, ಇಡಲು ಜಾಗ ಕಾಣದೆ ಮತ್ತೆ ಹಾಕಿಕೊಂಡ.
"ಹೋದ ಚಳಿಗಾಲ ಮೂರು ತಿಂಗಳು ಬಾಗಿಲು ಹಾಕಿದಿರಿ.
ನನ್ನ ಹೆಂಡತಿ ಬೆಳಿಗ್ಗೆಯಿಂದ ನೀರು ಮುಟ್ಟದೆ
ಸಮುದ್ರ ನೋಡಲು ಬರುತ್ತಿದ್ದಳು.
ಆಮೇಲೆ ಸಮುದ್ರವನ್ನೇ ಬಿಟ್ಟಳು."
ಇನ್ನೂ ಎರಡು ನಿಮಿಷ ಹತ್ತು ಸೆಕೆಂಡು ಬಾಕಿಯಿತ್ತು.
ಅಷ್ಟನ್ನೂ ಅವನು ಸುಮ್ಮನೆ ನಿಂತು ಕಳೆದ.
ಕೂರಪ್ಪಾ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.
ನಡಾವಳಿಯಲ್ಲಿ: ಒಬ್ಬ ನಿವಾಸಿಯ ಆಕ್ಷೇಪವನ್ನು ದಾಖಲಿಸಲಾಯಿತು.

ಹಿಂದಿನ ಸಾಲಿನಲ್ಲಿ ಎನಿಡ್ ಪಾಸ್ಕ್.
ನೌಕರರು ಮಾತಾಡುವ ಹಾಗಿಲ್ಲ, ನಿಯಮ ಇಪ್ಪತ್ತೆರಡು.
ಮಡಿಲಲ್ಲಿ ನೋಟುಪುಸ್ತಕ.
ಅದರಲ್ಲಿ ಏನಿದೆ ನನಗೆ ಗೊತ್ತು, ಒಮ್ಮೆ ಮಳೆಗೆ
ಅವಳ ಕಿಟಕಿಯ ಹಿಂದೆ ನಿಂತು ಓದಿದ್ದೇನೆ:

ಉಬ್ಬರ 7.40. ಸಾಬೂನು ಮುಗಿದಿದೆ.
ಕೆಳಗಿನ ಸಾಲಿನ ಹಲ್ಲುಸೆಟ್ಟು, ಒಂದು.
ಮಗುವಿನ ಬೂಟು, ಎಡಗಾಲು.
ಎರಡನೇ ಕೋಣೆಯಲ್ಲಿ ಹುಡುಗಿ, ನಾಲ್ಕು ಗಂಟೆಯಿಂದ ಅಳು.
ಬಾಗಿಲ ಕೆಳಗಿಂದ ಪೇಪರ್ ಟವೆಲ್ ತಳ್ಳಿದೆ.
ಆರಕ್ಕೆ ಮುಚ್ಚಬೇಕಿತ್ತು. ಏಳೂವರೆಗೆ ಮುಚ್ಚಿದೆ.

ಹುಡುಗಿ ಯಾರ ಮಗಳೆಂದು ಹೆಸರಿತ್ತು.
ಅವಳಪ್ಪ ಹಣಕಾಸು ಸಮಿತಿಯವನು;
ಉಳಿತಾಯದ ಪರವಾಗಿ ಮೊದಲು ಎತ್ತಿದ ಕೈ ಅವನದು,
ಬೆರಳಿಗೆ ಬಿಸ್ಕತ್ತಿನ ಪುಡಿ.
ನಾನು ಪೆನ್ನು ಕಚ್ಚಿಕೊಂಡು ಕೂತೆ.

ಪರ ಏಳು, ವಿರೋಧ ಐದು.
ನಾಳೆಯಿಂದ, ಅಂದರೆ ನವೆಂಬರ್ ಒಂದರಿಂದ,
ಮುಚ್ಚಲು ತೀರ್ಮಾನಿಸಲಾಯಿತು.

ಆಗ ಎನಿಡ್ ಎದ್ದಳು.
"ಕೀಲಿ ಯಾರಿಗೆ ಕೊಡಲಿ?"
ಅಧ್ಯಕ್ಷರು ನನ್ನ ಮುಖ ನೋಡಿದರು,
ನಾನು ನಿಯಮಾವಳಿ ನೋಡಿದೆ, ನಿಯಮಾವಳಿ
ಕೀಲಿಯ ಬಗ್ಗೆ ಚಕಾರ ಎತ್ತಿರಲಿಲ್ಲ.
ಅವಳು ಬಂದು ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟು ಹೋದಳು:
ಕಂಚಿನದು, ಅಂಗೈಯಷ್ಟುದ್ದ,
ಕಿವಿಗೆ ಕಟ್ಟಿದ ಕೆಂಪು ಉಣ್ಣೆದಾರ ಬೆವರಿಗೆ ಕಪ್ಪಾಗಿತ್ತು.

ವಿಷಯ ಎಂಟು, ಕ್ರಿಸ್ಮಸ್ ದೀಪಗಳು. ಒಂಬತ್ತು,
ಕಡಲಹಕ್ಕಿಗಳು ಚಿಪ್ಸ್ ಕಸಿಯುವ ಬಗ್ಗೆ ಹೊಸ ಫಲಕ.
ಎಲ್ಲರೂ ಕೋಟು ತೊಟ್ಟು ಹೊರಟರು.

ನಡಾವಳಿಗೆ ಒಂದು ಸಾಲು ಸೇರಿಸಿದೆ:
ಕೀಲಿಯನ್ನು ಸ್ವೀಕರಿಸಲಾಯಿತು.
ಯಾರಿಂದ, ಎಂದು ಕೇಳುವವರಿಲ್ಲ;
ಇಷ್ಟು ವರ್ಷ ಅವರನ್ನೆಲ್ಲ ಮರೆಮಾಚಿದ ವ್ಯಾಕರಣ
ಒಂದು ರಾತ್ರಿ ನನ್ನನ್ನೂ ಮರೆಮಾಚಲಿ.

ಬೆಳಿಗ್ಗೆ ಆರೂಮುಕ್ಕಾಲು.
ಮಂಜು, ಇಳಿತದ ಕೆಸರು ವಾಸನೆ.
ಬಾಗಿಲು ತೆರೆಯಲಾಯಿತು.
ದೀಪದ ಸ್ವಿಚ್ಚಿಗಾಗಿ ಬಲಗೋಡೆಯಿಡೀ ತಡಕಲಾಯಿತು,
ಅದು ಎಡಕ್ಕಿತ್ತು.
ಉಬ್ಬರ 9.20 ಎಂದು ಕರಿಹಲಗೆಯ ಮೇಲೆ ಬರೆಯಲಾಯಿತು.
ಅಕ್ಷರ ಎನಿಡಳದಲ್ಲ
ಎಂದು ನೋಡಿದವರಿಗೆ ತಿಳಿಯುತ್ತದೆ.