ರಸ್ಕಿನ ಡಬ್ಬ

ಹೊರಗಿನಿಂದ ನೋಡಿದರೆ ಬೇಕರಿಯ ರಸ್ಕಿನ ಡಬ್ಬ.
ಮುಖದ ಮೇಲೆ ಅರ್ಧ ಮಾಸಿದ ಗುಲಾಬಿ,
ಗುಲಾಬಿಯ ನಡುವೆ ತೂತು ಕೊರೆದು ಕೂರಿಸಿದ
ವಾಲ್ಯೂಮಿನ ತಿರುಗಣೆ.
ಒಳಗೆ ನನ್ನ ಹನ್ನೊಂದು ತಿಂಗಳು.

ಗೆರೆ ಬರೆದದ್ದು ತಂಗಿಯ ಉಗುರುಬಣ್ಣದಲ್ಲಿ,
ತಾಮ್ರದ ಹಲಗೆಯ ಮೇಲೆ, ಉಸಿರು ಬಿಗಿಹಿಡಿದು.
ಫೆರಿಕ್ ಕ್ಲೋರೈಡಿನ ಕಷಾಯದಲ್ಲಿ ಅದ್ದಿ ಅಲ್ಲಾಡಿಸಿದರೆ
ಬೇಡದ ತಾಮ್ರ ಕರಗಿ ಬೇಕಾದ ದಾರಿಗಳು ಉಳಿಯುತ್ತವೆ.
ಬಚ್ಚಲ ಕಲ್ಲಿನ ಮೇಲೆ ಹಳದಿ ಕಲೆಯೂ ಉಳಿಯುತ್ತದೆ,
ಅದನ್ನು ಅಮ್ಮ ನನ್ನ ಹೆಸರಿನಿಂದಲೇ ಕರೆಯುತ್ತಾಳೆ.

ಹೀಟ್ ಸಿಂಕು ಸತ್ತ ವೆಲ್ಡಿಂಗ್ ಮಿಷನ್ನಿನದು, ಗುಜರಿಯ ತೂಕಕ್ಕೆ ಸಿಕ್ಕಿದ್ದು.
ಟ್ರಾನ್ಸಿಸ್ಟರು ಎರಡು ಜೊತೆ ತಂದೆ. ಒಂದು ಜೊತೆ ನಕಲಿ:
ಮೊದಲ ದಿನವೇ ಪಟ್ಟೆಂದು ಹೊಗೆ ಬಿಟ್ಟು
ತಾನೇ ಒಪ್ಪಿಕೊಂಡಿತು.

ಟ್ರಾನ್ಸ್‌ಫಾರ್ಮರ್ ಮಾತ್ರ ಪೆನ್ಷನ್ ಮೊಹಲ್ಲಾದ
ಜೈಬುನ್ನೀಸಾ ಸುತ್ತಿಕೊಟ್ಟದ್ದು.
ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ;
ಗಂಡನದಾಗಿತ್ತು, ಈಗ ಆಕೆಯದು.
ಎಣಿಸುವಾಗ ಮಾತಾಡಿಸಬಾರದು. ನಾನು ಮಾತಾಡಿಸಿದೆ.
“ಮುನ್ನೂರ ಹನ್ನೆರಡಾ, ಹದಿಮೂರಾ? ಈಗ ನೀನೇ ಹೇಳು”
ಅಂದು ಇಡೀ ಸುರುಳಿ ಬಿಚ್ಚಿ
ಒಂದರಿಂದ ಸುತ್ತಿದಳು,
ನನ್ನನ್ನು ಬಾಗಿಲಾಚೆ ಬಿಸಿಲಿಗೆ ನಿಲ್ಲಿಸಿ.
ಕೊಡುವಾಗ ಹೇಳಿದ್ದು ಇಷ್ಟು:
“ಗುಂಯ್ ಅಂದ್ರೆ ವಾಪಸ್ ತಗೊಂಡ್ ಬಾ. ದುಡ್ಡೂ ವಾಪಸ್.”

ಆಲೂಗಡ್ಡೆ ಮುಗಿದ ಕಾಲ. ಧರಣೇಂದ್ರಯ್ಯನವರ ಗೋಡೌನು ಖಾಲಿ.
ವರ್ಷಕ್ಕೊಂದು ಭಾನುವಾರ ಏಳೆಂಟು ಜನ ಅಲ್ಲಿ ಸೇರಿ
ನಮ್ಮ ನಮ್ಮ ಪೆಟ್ಟಿಗೆಗಳನ್ನು ಮೆರೆಸುತ್ತೇವೆ.
ಗೋಡೆಗೆ ಗೋಣಿಚೀಲ ನೇತುಹಾಕಿದರೆ ಸಾಕು,
ಮಾರ್ದನಿ ಮಣ್ಣಿನ ವಾಸನೆಯೊಳಗೆ ಹೂತುಹೋಗುತ್ತದೆ.

ಫೆಲಿಕ್ಸ್ ತಂದದ್ದು ತೇಗದ ಕ್ಯಾಬಿನೆಟ್ಟು,
ನೀಲಿ ದೀಪ, ಕುಣಿಯುವ ಮುಳ್ಳು.
ತಬಲಾ ಹಾಕಿದ. ತಗಡಿನ ಮಾಡಿನಿಂದ ಹೋದ ವರ್ಷದ ಧೂಳು ಉದುರಿತು.
ಬಸ್ ಡಿಪೋದ ಶಾಂತವೀರ “ಇನ್ನೂರು ವ್ಯಾಟ್” ಅಂದ,
ಯಾರೂ ನಂಬಲಿಲ್ಲ;
ಎರಡು ನಿಮಿಷ ಯಾರಿಗೂ ಏನೂ ಕೇಳಿಸಲೂ ಇಲ್ಲ.
ನನ್ನ ಡಬ್ಬ ಕಂಡು ಆತನೇ
“ರಸ್ಕಿದ್ರೆ ಟೀನೂ ತರಿಸಿಬಿಡಿ” ಅಂದ.

ನಾನು ಹಾಡು ಹಾಕಲಿಲ್ಲ.
ತಿರುಗಣೆಯನ್ನು ಸೊನ್ನೆಯಿಂದ ಕೊನೆಯವರೆಗೆ ತಿರುಗಿಸಿ
ಕೇಳಿ ಅಂದೆ.
ಒಬ್ಬೊಬ್ಬರಾಗಿ ಮಂಡಿಯೂರಿ
ಸ್ಪೀಕರಿನ ಕಾಗದಕ್ಕೆ ಕಿವಿ ಕೊಟ್ಟರು,
ಗರ್ಭಿಣಿ ಹಸುವಿನ ಹೊಟ್ಟೆಗೆ ಕೊಡುವ ಹಾಗೆ.
ಧರಣೇಂದ್ರಯ್ಯನವರು ಕಿವಿಯ ಮಿಷನ್ನು ತೆಗೆದು, ಊದಿ,
ಮತ್ತೆ ಹಾಕಿಕೊಂಡು ಎರಡು ಸಲ ಕೇಳಿದರು.
“ಆನ್ ಆಗಿದೆಯೇನಯ್ಯಾ?”
ಆಗಿದೆ.
ಹೊರಗೆ ಬಿ.ಎಂ. ರಸ್ತೆಯ ಲಾರಿ, ಚೀಲದೊಳಗೆ ಒಂದು ಇಲಿ,
ಶಾಂತವೀರನ ಮೂಗಿನ ಉಸಿರು.
ಡಬ್ಬದಿಂದ ಏನೂ ಇಲ್ಲ. ಏನೆಂದರೆ ಏನೂ.
ಇಷ್ಟು ಏನೂ ಇಲ್ಲದ್ದನ್ನು
ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

ಆಗ ಸ್ಪೀಕರು ಬಾಯಿಬಿಟ್ಟಿತು:
ಟಿಟಿಟ್ ಟಿಟಿಟ್ ಟಿಟಿಟ್ ಟಿರ್ರ್ರ್.
ಎಲ್ಲರ ಕೈಯೂ ಅವರವರ ಜೇಬಿಗೆ ಹೋಯಿತು.
ಫೆಲಿಕ್ಸ್ ಗೋಣಿಚೀಲ ಅಲುಗುವಷ್ಟು ನಕ್ಕ.
ಮರುಗಳಿಗೆ ಬಡಿದುಕೊಂಡದ್ದು ನನ್ನದೇ ಫೋನು.

“ಗುಂಯ್ ಅಂತಾ?”
ಹಲೋ ಇಲ್ಲ, ಏನಿಲ್ಲ. ಜೈಬುನ್ನೀಸಾ.
“ಇಲ್ಲ, ನಿಮ್ಮ ಫೋನು ಬರೋ ತನಕ ಏನೂ ಇರಲಿಲ್ಲ.”
“ಹಂಗಾದ್ರೆ ಕೇಳಿಸು.”

ಹತ್ತಿರ ಒಯ್ದರೆ ಟಿರ್ರೆನ್ನುತ್ತದೆ.
ದೂರ ಹಿಡಿದರೆ ಆಕೆಗೆ ಕೇಳುವುದು ಫೆಲಿಕ್ಸನ ನಗು.
ನಾಳೆ ಅಂಗಡಿಗೆ ಡಬ್ಬ ಹೊತ್ತು ಹೋಗಬೇಕು,
ಫೋನನ್ನು ಮನೆಯಲ್ಲಿ ಬಿಟ್ಟು,
ಆಕೆ ಎಣಿಸದ ಹೊತ್ತು ನೋಡಿಕೊಂಡು.